ಮರಳುಗಾಡಿನ ಊರಲ್ಲಿ ಮನೆ ಹಿಡಿಯುವ ಮುಂಚೆ: ಚಾಂಡ್ಲರ್, ಗಿಲ್ಬರ್ಟ್, ಬಕೈ, ಉತ್ತರ ಫೀನಿಕ್ಸ್

"ನಿಮ್ಮೂರಲ್ಲಿ ನೀರು ಹೇಗೆ?"

ಹೆಣ್ಣು ನೋಡಲು ಬಂದವರನ್ನು ನಮ್ಮಜ್ಜಿ ಮೊದಲು ಕೇಳುತ್ತಿದ್ದದ್ದು ಇದನ್ನೇ. ಜಮೀನು ಎಷ್ಟು, ತೆಂಗು ಎಷ್ಟು, ಹುಡುಗ ಏನು ಓದಿದ್ದಾನೆ ಎಲ್ಲ ಆಮೇಲೆ. ಅಜ್ಜಿ ಅರಸೀಕೆರೆ ಕಡೆಯವರು. ನೀರಿಲ್ಲದ ಊರಿಗೆ ಹೆಣ್ಣು ಕೊಟ್ಟರೆ ಅವಳ ಆಯಸ್ಸೆಲ್ಲ ಕೊಡ ಹೊರುವುದರಲ್ಲೇ ಕಳೆಯುತ್ತದೆ ಅಂತ ಅವರಿಗೆ ಗೊತ್ತಿತ್ತು. ನಾನು ಹಾಸನದಲ್ಲಿ ಹೇಮಾವತಿ ನೀರು ಕುಡಿದು ಬೆಳೆದವಳು. ನನಗೆ ಆ ಪ್ರಶ್ನೆಯ ತೂಕ ಗೊತ್ತಾಗಿದ್ದು ಅಮೆರಿಕದ ಅರಿಜೋನಾ ಮರಳುಗಾಡಿಗೆ ಹೋದ ಮೇಲೆ.

ಗಂಡನ ಕೆಲಸಕ್ಕಾಗಿ ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಒಂಬತ್ತು ವರ್ಷ ಇದ್ದು ಈಗ ಹಾಸನಕ್ಕೆ ವಾಪಸ್ ಬಂದಿದ್ದೇವೆ. ಆ ಕಡೆ ಕಂಪ್ಯೂಟರ್, ಮೊಬೈಲ್ ಒಳಗಿನ ಚಿಪ್ ಮಾಡುವ ಕಾರ್ಖಾನೆಗಳು ದೊಡ್ಡದಾಗುತ್ತಿವೆ. ಹಾಗಾಗಿ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಅಲ್ಲಿಂದ ಕರೆ ಬರುವುದು ಹೆಚ್ಚಾಗಿದೆ. ಹೊರಡುವ ಮುಂಚೆ ಒಂದು ಸಲ ನಮ್ಮ ಮನೆಗೆ ಬರುತ್ತಾರೆ. ಈ ಸಲ ಬಂದದ್ದು ಅಕ್ಕನ ಮಗಳು ಮತ್ತು ಅವಳ ಗಂಡ. ಮೊಬೈಲ್‌ನಲ್ಲಿ ಒಂದು ಮನೆಯ ಫೋಟೋ ತೋರಿಸಿದಳು. ನಾಲ್ಕು ಬೆಡ್‌ರೂಮು, ಹಿಂದೆ ಈಜುಕೊಳ, ಎಲ್ಲ ಹೊಸದು.

"ಚಿಕ್ಕಮ್ಮ, ಚಾಂಡ್ಲರ್‌ನಲ್ಲಿ ಎರಡು ಬೆಡ್‌ರೂಮಿಗೆ ಕೊಡೋ ಬಾಡಿಗೆಗೆ ಬಕೈನಲ್ಲಿ ಇಷ್ಟು ದೊಡ್ಡ ಮನೆ ಸಿಗುತ್ತೆ. ಅಲ್ಲೇ ಹಿಡಿದರೆ ಒಳ್ಳೇದಲ್ವಾ?"

ಆ ಪ್ರಶ್ನೆಗೆ ಒಂದು ಸಂಜೆ ಪೂರ್ತಿ ಬೇಕಾಯಿತು. ಅವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಇನ್ನೂ ನಾಲ್ಕು ಜನಕ್ಕೆ ಬೇಕಾಗಬಹುದು ಅಂತ.

ಯಾವ ಊರು ಎಲ್ಲಿದೆ

ಫೀನಿಕ್ಸ್ ಒಂದು ದೊಡ್ಡ ನಗರ. ಅದರ ಸುತ್ತ ಊರಿಗೆ ಊರು ಅಂಟಿಕೊಂಡು ಬೆಳೆದಿವೆ. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಬೋರ್ಡ್ ನೋಡಿಯೇ ತಿಳಿಯಬೇಕು. ಚಾಂಡ್ಲರ್, ಗಿಲ್ಬರ್ಟ್, ಮೆಸಾ, ಟೆಂಪಿ ಇವೆಲ್ಲ ಆಗ್ನೇಯಕ್ಕೆ. ಕ್ವೀನ್ ಕ್ರೀಕ್ ಇನ್ನೂ ಆಚೆ ಅಂಚಿಗೆ. ಬಕೈ ಪಶ್ಚಿಮದ ತುದಿಗೆ. ತೈವಾನಿನ ಟಿಎಸ್ಎಂಸಿ ಕಟ್ಟುತ್ತಿರುವ ದೊಡ್ಡ ಚಿಪ್ ಕಾರ್ಖಾನೆ ಫೀನಿಕ್ಸ್‌ನ ಉತ್ತರದ ತುದಿಗೆ.

ಈ ಊರುಗಳು ಬೆಳೆದ ವೇಗ ನೋಡಿದರೆ ತಲೆ ತಿರುಗುತ್ತದೆ. ಎ. ಜೆ. ಚಾಂಡ್ಲರ್ ಎನ್ನುವ ಪಶುವೈದ್ಯರು ತಮ್ಮ ಜಮೀನನ್ನು ಸೈಟು ಮಾಡಿ 1912ರಲ್ಲಿ ಶುರು ಮಾಡಿದ ಊರು ಚಾಂಡ್ಲರ್. 1980ರಲ್ಲಿ ಅಲ್ಲಿ ಸುಮಾರು 30 ಸಾವಿರ ಜನ. 2020ರ ಜನಗಣತಿಯಲ್ಲಿ 2,75,987. ಗಿಲ್ಬರ್ಟ್ ಮೊದಲು ದನಕರುಗಳ ಒಣಮೇವಿಗೆ ಹೆಸರಾದ ಸಣ್ಣ ಊರು. 1980ರಲ್ಲಿ ಆರು ಸಾವಿರ ಜನವೂ ಇರಲಿಲ್ಲ. 2020ರಲ್ಲಿ 2,67,918. ಬಕೈ ಇನ್ನೂ ಎಳೆಯದು. 2000ದಲ್ಲಿ 6,537 ಇದ್ದದ್ದು 2020ಕ್ಕೆ 91,502.

ಇಷ್ಟು ಜನ ಮಳೆ ಬರುವ ಕಡೆ ಬಂದು ಸೇರಿದ್ದರೆ ನಾನು ಏನೂ ಹೇಳುತ್ತಿರಲಿಲ್ಲ. ಫೀನಿಕ್ಸ್‌ನಲ್ಲಿ ವರ್ಷಕ್ಕೆಲ್ಲ ಬೀಳುವ ಮಳೆ ಸುಮಾರು 180 ಮಿ.ಮೀ. ನಮ್ಮ ಸಕಲೇಶಪುರದಲ್ಲಿ ಆಷಾಢದ ಒಂದು ಜೋರು ವಾರ ಅಷ್ಟು ಸುರಿದು ಹೋಗುತ್ತದೆ.

ಮೊದಲು ನೀರು

ಹಾಗಾದರೆ ನೀರು ಎಲ್ಲಿಂದ? ಮೂರು ದಾರಿ. ಒಂದು, ಹತ್ತಿರದ ಸಾಲ್ಟ್ ಮತ್ತು ವರ್ಡಿ ನದಿಗಳು. ಸಾಲ್ಟ್ ನದಿಗೆ 1911ರಲ್ಲೇ ರೂಸ್‌ವೆಲ್ಟ್ ಅಣೆಕಟ್ಟು ಕಟ್ಟಿದರು. ಎರಡು, ಕೊಲರಾಡೊ ನದಿ. ಅದು ದೂರ. ಅಲ್ಲಿಂದ ಸುಮಾರು 540 ಕಿ.ಮೀ. ಕಾಲುವೆ ತೋಡಿ, ನೀರನ್ನು ಪಂಪ್ ಮಾಡಿ ಎತ್ತರಕ್ಕೆ ಏರಿಸಿ ತರುತ್ತಾರೆ. ಆ ಕೆಲಸ 1973ರಲ್ಲಿ ಶುರುವಾಗಿ 1993ರಲ್ಲಿ ಮುಗಿಯಿತು. ಸಕಲೇಶಪುರದ ಕಡೆ ಎತ್ತಿನಹೊಳೆಯ ಪೈಪು, ಪಂಪ್‌ಹೌಸು ನೋಡಿದವರಿಗೆ ಇದು ಎಂಥ ಕೆಲಸ ಅಂತ ಬಿಡಿಸಿ ಹೇಳಬೇಕಿಲ್ಲ. ಮೂರನೆಯದು ಬೋರ್‌ವೆಲ್, ಅಂದರೆ ಅಂತರ್ಜಲ.

ಹೊಯ್ಸಳರ ಕಾಲದಲ್ಲಿ ನಮ್ಮ ದ್ವಾರಸಮುದ್ರದ ಕೆರೆ ತುಂಬಿ ನಿಂತಿದ್ದಾಗ, ಅಲ್ಲಿ ಹೊಹೊಕಮ್ ಎನ್ನುವ ಜನ ಬರೀ ಕೈಯಲ್ಲಿ ಕಾಲುವೆ ತೋಡಿ ಇದೇ ಸಾಲ್ಟ್ ನದಿ ನೀರಲ್ಲಿ ಮುಸುಕಿನ ಜೋಳ ಬೆಳೆಯುತ್ತಿದ್ದರು. ಈಗಿನ ಕೆಲವು ಕಾಲುವೆಗಳು ಅವರು ತೋಡಿದ ಜಾಡಿನಲ್ಲೇ ಹರಿಯುತ್ತವೆ. ಸಂಜೆ ಆ ಕಾಲುವೆ ದಂಡೆಯ ಮೇಲೆ ನಡೆಯುವಾಗ ನನಗೆ ಹಳೇಬೀಡು ನೆನಪಾಗುತ್ತಿತ್ತು.

ಈಗ ಹೋಲಿಕೆಗೆ ಬರೋಣ. ಚಾಂಡ್ಲರ್‌ಗೆ ನದಿ ನೀರು, ಕಾಲುವೆ ನೀರು, ಬೋರ್ ನೀರು ಮೂರೂ ಇವೆ. ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ ಪಾರ್ಕಿಗೆ, ಕಾರ್ಖಾನೆಗೆ ಕೊಡುತ್ತಾರೆ, ಮತ್ತೆ ನೆಲಕ್ಕೂ ಇಂಗಿಸುತ್ತಾರೆ. ಗಿಲ್ಬರ್ಟ್ ಕೂಡ ಹಾಗೆಯೇ. ಅಲ್ಲಿ ನೀರು ಇಂಗಿಸುವ ಕೆರೆಗಳ ಸುತ್ತ ಒಂದು ಪಕ್ಷಿಧಾಮವೇ ಬೆಳೆದಿದೆ. ಚಳಿಗಾಲದಲ್ಲಿ ಹೋದರೆ ಬಾತುಕೋಳಿ, ಕೊಕ್ಕರೆ ತುಂಬಿರುತ್ತವೆ. ಮರಳುಗಾಡಿನ ನಡುವೆ ಅದನ್ನು ನೋಡಿದ ಮೊದಲ ದಿನ ನಾನು ಅಲ್ಲಿಂದ ಏಳಲೇ ಇಲ್ಲ.

ಫೀನಿಕ್ಸ್ ಸುತ್ತಮುತ್ತ 1980ರ ಒಂದು ಕಾನೂನು ಇದೆ. ಹೊಸ ಬಡಾವಣೆ ಮಾಡಿ ಮಾರುವವರು 100 ವರ್ಷಕ್ಕೆ ಸಾಲುವ ನೀರು ತೋರಿಸಬೇಕು. ಚಾಂಡ್ಲರ್, ಗಿಲ್ಬರ್ಟ್, ಫೀನಿಕ್ಸ್‌ನಂಥ ಊರುಗಳು ಇಡೀ ಊರಿನ ಲೆಕ್ಕದಲ್ಲಿ ಆ ಒಪ್ಪಿಗೆ ಪಡೆದಿವೆ. ಬಕೈ ಮತ್ತು ಕ್ವೀನ್ ಕ್ರೀಕ್ ಕಡೆಯ ಎಷ್ಟೋ ಹೊಸ ಬಡಾವಣೆಗಳು ಬೋರ್ ನೀರನ್ನೇ ನೆಚ್ಚಿಕೊಂಡಿದ್ದವು. 2023ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಒಂದು ಲೆಕ್ಕ ಮುಂದಿಟ್ಟಿತು. 100 ವರ್ಷದ ಬೇಡಿಕೆಗೆ ನೆಲದಡಿಯ ನೀರು ಸಾಲುವುದಿಲ್ಲ. ಹಾಗಾಗಿ ಬರೀ ಅಂತರ್ಜಲ ನಂಬಿದ ಹೊಸ ಬಡಾವಣೆಗಳಿಗೆ ಇನ್ನು ಒಪ್ಪಿಗೆ ಇಲ್ಲ ಅಂತ. ಮೊದಲೇ ಒಪ್ಪಿಗೆ ಪಡೆದ ಬಡಾವಣೆಗಳಿಗೆ ಇದು ತಟ್ಟಲಿಲ್ಲ. ನಾಳೆಯೇ ಯಾರ ನಲ್ಲಿಯೂ ನಿಲ್ಲುವುದಿಲ್ಲ. ಆದರೆ ಆ ಊರುಗಳು ಈಗ ಬೇರೆ ಕಡೆಯಿಂದ ದುಡ್ಡು ಕೊಟ್ಟು ನೀರು ತರಬೇಕು. ಆ ಖರ್ಚು ಕೊನೆಗೆ ಮನೆಯವರ ಬಿಲ್ಲಿಗೇ ಬರುತ್ತದೆ ಅಂತ ನನ್ನ ಅಂದಾಜು.

ಇನ್ನೊಂದು ಕಥೆ ಹೇಳಲೇಬೇಕು. ಫೀನಿಕ್ಸ್‌ಗೆ ಅಂಟಿಕೊಂಡ ಸ್ಕಾಟ್ಸ್‌ಡೇಲ್ ನಗರದ ಪಕ್ಕ ರಿಯೋ ವರ್ಡೆ ಫುಟ್‌ಹಿಲ್ಸ್ ಅಂತ ಒಂದು ಜಾಗ ಇದೆ. ಅದು ಯಾವ ನಗರದ ವ್ಯಾಪ್ತಿಗೂ ಸೇರಿಲ್ಲ. 100 ವರ್ಷದ ನಿಯಮ ಆರು ಸೈಟು ಮತ್ತು ಅದಕ್ಕೆ ಮೇಲ್ಪಟ್ಟ ಬಡಾವಣೆಗೆ ಮಾತ್ರ. ಅಲ್ಲಿ ಜಮೀನನ್ನು ಐದೈದೇ ಸೈಟು ಮಾಡಿ ಮಾರಿಬಿಟ್ಟರು. ನಮ್ಮ ಊರಿನ ರೆವಿನ್ಯೂ ಸೈಟ್ ಕಥೆ ನೆನಪಾಗುತ್ತದೆ ಅಲ್ವಾ? ಎಷ್ಟೋ ಮನೆಗಳಿಗೆ ಸ್ಕಾಟ್ಸ್‌ಡೇಲ್‌ನಿಂದ ಟ್ಯಾಂಕರ್ ನೀರು ಬರುತ್ತಿತ್ತು. ಬರ ಜಾಸ್ತಿಯಾದಾಗ, 2023ರ ಜನವರಿ 1ರಿಂದ ಆ ನಗರ ನೀರು ಕೊಡುವುದನ್ನು ನಿಲ್ಲಿಸಿತು. ದೊಡ್ಡ ದೊಡ್ಡ ಮನೆಯವರು ಮಳೆನೀರು ಹಿಡಿದು, ಕಾಗದದ ತಟ್ಟೆಯಲ್ಲಿ ಊಟ ಮಾಡಿದರು. ಸಾವಿರ ಅಡಿ ಬೋರ್ ಕೊರೆಸಿಯೂ ನೀರು ಕಾಣದ ನಮ್ಮ ಅರಸೀಕೆರೆ ಕಡೆಯ ನೆಂಟರಿಗೆ ಇದನ್ನು ಹೇಳಿದಾಗ, "ಅಮೆರಿಕದಲ್ಲೂನಾ?" ಅಂದರು.

ಹಾಗಾಗಿ ನನ್ನ ತೀರ್ಮಾನ ಇಷ್ಟೇ. ನೀರಿನ ವಿಷಯದಲ್ಲಿ ಚಾಂಡ್ಲರ್, ಗಿಲ್ಬರ್ಟ್, ಫೀನಿಕ್ಸ್ ನಗರದೊಳಗಿನ ಉತ್ತರ ಭಾಗ ಇವು ಒಂದು ಗುಂಪು. ಬಕೈ, ಕ್ವೀನ್ ಕ್ರೀಕ್ ಇನ್ನೊಂದು ಗುಂಪು. ಬಾಡಿಗೆಗೆ ಎರಡು ವರ್ಷ ಇರುವವರಿಗೆ ಈ ವ್ಯತ್ಯಾಸ ತಟ್ಟುವುದಿಲ್ಲ. ಮೂವತ್ತು ವರ್ಷದ ಸಾಲ ಮಾಡಿ ಮನೆ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ. ಕೊಲರಾಡೊ ನದಿಯನ್ನು ನಂಬಿ ಯಾವ ಊರೂ ನೆಮ್ಮದಿಯಾಗಿಲ್ಲ, ಅದೂ ನಿಜ. 2021ರಲ್ಲಿ ಮೊದಲ ಸಲ ಆ ನದಿಯಲ್ಲಿ ನೀರಿನ ಕೊರತೆ ಘೋಷಿಸಿದರು. 2022ರಲ್ಲಿ ಅರಿಜೋನಾದ ಪಾಲಿನಲ್ಲಿ ಶೇಕಡಾ 18ರಷ್ಟು ಕಡಿತ ಆಯಿತು. ಮೂರು ಬಾವಿ ಇರುವ ಮನೆಗೂ ಒಂದೇ ಬಾವಿ ಇರುವ ಮನೆಗೂ ಇರುವ ವ್ಯತ್ಯಾಸ ಇಂಥ ವರ್ಷದಲ್ಲೇ ಗೊತ್ತಾಗುವುದು.

ಬಿಸಿಲು, ಮತ್ತು ಬಾಗಿಲ ದಿಕ್ಕು

ಹಾಸನದಲ್ಲಿ ಏಪ್ರಿಲ್ ತಿಂಗಳಲ್ಲಿ 35 ಡಿಗ್ರಿ ದಾಟಿದರೆ ನಾವು ಉಸ್ಸಪ್ಪಾ ಅನ್ನುತ್ತೇವೆ. ಫೀನಿಕ್ಸ್‌ನಲ್ಲಿ 2023ರ ಜೂನ್ 30ರಿಂದ ಜುಲೈ 30ರ ತನಕ 31 ದಿನ ಸತತವಾಗಿ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅದರಲ್ಲಿ ಒಂದು ರಾತ್ರಿ 36 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ರಾತ್ರಿ! ಟಾರು, ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಬಿಡುತ್ತಾ ಇರುತ್ತವೆ. ಆ ವರ್ಷ ಫೀನಿಕ್ಸ್ ಇರುವ ಮ್ಯಾರಿಕೋಪಾ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಒಂದರಲ್ಲೇ ಬಿಸಿಲಿನ ಕಾರಣಕ್ಕೆ 645 ಜನ ಸತ್ತರು ಅಂತ ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಬೇಸಿಗೆಯಲ್ಲಿ ಎ.ಸಿ. ಅಲ್ಲಿ ಐಷಾರಾಮ ಅಲ್ಲ, ಉಸಿರಾಟದ ಹಾಗೆ ಅಂತ ತಿಳಿಯಲಿ ಅಂತ.

ನಮಗೆ ಅದು ಮೊದಲ ಬೇಸಿಗೆಯಲ್ಲೇ ತಿಳಿಯಿತು. ಜುಲೈ ತಿಂಗಳ ಒಂದು ಶನಿವಾರ ಮಧ್ಯಾಹ್ನ ಎ.ಸಿ. ಕೆಟ್ಟಿತು. ಅಪಾರ್ಟ್‌ಮೆಂಟ್ ಕಚೇರಿಗೆ ಫೋನ್ ಮಾಡಿದರೆ ಸೋಮವಾರ ಕಳಿಸುತ್ತೇವೆ ಅಂದರು. ನಾವಿದ್ದದ್ದು ಮೇಲಿನ ಮಹಡಿ, ಪಶ್ಚಿಮಕ್ಕೆ ದೊಡ್ಡ ಕಿಟಕಿ. ಎರಡು ಗಂಟೆಯೊಳಗೆ ಗೋಡೆ ಮುಟ್ಟಲು ಆಗುತ್ತಿರಲಿಲ್ಲ. ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರು. ಮಗನಿಗೆ ಆಗ ಎರಡು ವರ್ಷ. ಪರಿಚಯದ ಮೈಸೂರಿನವರ ಮನೆಗೆ ಹೋಗಿ ಎರಡು ರಾತ್ರಿ ಮಲಗಿದೆವು. ಅದಕ್ಕೇ ಹೇಳುತ್ತೇನೆ: ಬಾಡಿಗೆ ಮನೆ ನೋಡುವಾಗ ಕೇಳಬೇಕಾದ ಪ್ರಶ್ನೆ ಅಡುಗೆಮನೆ ಎಷ್ಟು ದೊಡ್ಡದು ಅಂತಲ್ಲ. ಎ.ಸಿ.ಗೆ ಎಷ್ಟು ವರ್ಷ ಆಯಿತು, ರಜೆ ದಿನ ಕೆಟ್ಟರೆ ಎಷ್ಟು ಗಂಟೆಯಲ್ಲಿ ಬರುತ್ತಾರೆ ಅಂತ. ಮೇಲಿನ ಮಹಡಿ ಬೇಡ. ಕಾರಿಗೆ ಮೇಲೆ ಚಾವಣಿ ಇರಲೇಬೇಕು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಗುವಿನ ಸೀಟಿನ ಬಕಲ್ ಮೈ ಸುಡುತ್ತದೆ.

ಈಗ ನಮ್ಮವರು ಎಲ್ಲರೂ ಮಾಡುವ ಒಂದು ತಪ್ಪು. ನಾವು ಪೂರ್ವದ ಬಾಗಿಲು ಹುಡುಕುತ್ತೇವೆ. ಅದಕ್ಕೆ ಹೆಚ್ಚು ದುಡ್ಡು ಕೊಡಲೂ ತಯಾರು. ಅಲ್ಲಿನ ಮನೆಗಳ ನಕ್ಷೆ ಹೇಗಿರುತ್ತದೆ ಅಂದರೆ, ಮುಂದೆ ಗ್ಯಾರೇಜು, ಸಣ್ಣ ಬಾಗಿಲು. ದೊಡ್ಡ ಗಾಜಿನ ಬಾಗಿಲು, ಹಜಾರ, ಅಂಗಳ ಎಲ್ಲ ಹಿಂದೆ. ಮುಂಬಾಗಿಲು ಪೂರ್ವಕ್ಕಿದ್ದರೆ ಆ ಗಾಜಿನ ಗೋಡೆ ನೇರ ಪಶ್ಚಿಮಕ್ಕೆ. ಮಧ್ಯಾಹ್ನ ಮೂರರಿಂದ ಸಂಜೆ ಏಳೂವರೆ ತನಕ ಬಿಸಿಲು ಮನೆಯೊಳಗೇ. ಕರೆಂಟಿನ ದರವೂ ಎಷ್ಟೋ ಯೋಜನೆಗಳಲ್ಲಿ ಅದೇ ಹೊತ್ತಿಗೆ ಜಾಸ್ತಿ. ಉತ್ತರದ ಬಾಗಿಲಿನ ಮನೆ ಹಿಡಿಯಿರಿ. ಹಿಂದಿನ ಅಂಗಳ ದಕ್ಷಿಣಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ಚಾವಣಿಯ ಚಾಚು ಸಾಕು, ಬಿಸಿಲು ಒಳಗೆ ಬರುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ತಗ್ಗಿದಾಗ ಹಿತವಾದ ಬಿಸಿಲು ಬರುತ್ತದೆ. ಉತ್ತರ ಕುಬೇರನ ದಿಕ್ಕು, ಊರಲ್ಲಿ ಅತ್ತೆ ಮಾವನೂ ಒಪ್ಪುತ್ತಾರೆ.

ನೆರಳಿನ ಮಾತಲ್ಲಿ ಹಳೆಯ ಚಾಂಡ್ಲರ್, ಹಳೆಯ ಗಿಲ್ಬರ್ಟ್ ಮುಂದೆ. ಇಪ್ಪತ್ತು ಮೂವತ್ತು ವರ್ಷದ ಬಡಾವಣೆಗಳಲ್ಲಿ ಮರಗಳು ಬೆಳೆದು ನಿಂತಿವೆ. ಬಕೈಯ ಹೊಸ ಬಡಾವಣೆಯಲ್ಲಿ ಮೊಣಕಾಲೆತ್ತರದ ಗಿಡ, ಸುತ್ತ ಜಲ್ಲಿ. ಅಕ್ಕನ ಮಗಳು ತೋರಿಸಿದ ಫೋಟೋದಲ್ಲೂ ಅಷ್ಟೇ. ಈಜುಕೊಳ ಕಾಣಿಸಿತು, ಒಂದು ಮರ ಕಾಣಿಸಲಿಲ್ಲ.

ಧೂಳೂ ಹಾಗೆಯೇ. ಜೂನ್ ಮಧ್ಯದಿಂದ ಸೆಪ್ಟೆಂಬರ್ ತನಕ ಅಲ್ಲಿಯೂ ಮಾನ್ಸೂನ್ ಅನ್ನುತ್ತಾರೆ. ನಮ್ಮ ಮುಂಗಾರು ಅಂದುಕೊಳ್ಳಬೇಡಿ. ಮಳೆಗಿಂತ ಮುಂಚೆ ಧೂಳಿನ ಗೋಡೆ ಎದ್ದು ಬರುತ್ತದೆ, ಅದಕ್ಕೆ ಹಬೂಬ್ ಅಂತ ಹೆಸರು. ಕಾರು ಓಡಿಸುವಾಗ ಸಿಕ್ಕರೆ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ಎಲ್ಲ ದೀಪ ಆರಿಸಿ, ಬ್ರೇಕ್ ಮೇಲಿಂದ ಕಾಲು ತೆಗೆಯಬೇಕು. ದೀಪ ಉರಿಯುತ್ತಿದ್ದರೆ ಹಿಂದಿನವರು ಅದನ್ನೇ ರಸ್ತೆ ಅಂದುಕೊಂಡು ಬಂದು ಗುದ್ದುತ್ತಾರೆ. ಆ ಮಣ್ಣಿನಲ್ಲಿ ಒಂದು ಶಿಲೀಂಧ್ರ ಇದೆ. ಅದು ಉಸಿರಿನ ಜೊತೆ ಹೋದರೆ ವ್ಯಾಲಿ ಫೀವರ್ ಎನ್ನುವ ಶ್ವಾಸಕೋಶದ ಕಾಯಿಲೆ ಬರುತ್ತದೆ. ನೆಲ ಅಗೆದು ಮನೆ ಕಟ್ಟುತ್ತಲೇ ಇರುವ ಅಂಚಿನ ಊರುಗಳಲ್ಲಿ ಧೂಳು ಜಾಸ್ತಿ. ಒಂದು ಮಾತು ದಯವಿಟ್ಟು ನೆನಪಿಡಿ. ರಜೆಗೆ ಹಾಸನಕ್ಕೆ ಬಂದಾಗ ಕೆಮ್ಮು ವಾರಗಟ್ಟಲೆ ಬಿಡದಿದ್ದರೆ, ಅರಿಜೋನಾದಲ್ಲಿದ್ದೆ ಅಂತ ಡಾಕ್ಟರಿಗೆ ಹೇಳಿ. ಇಲ್ಲಿ ಆ ಕಾಯಿಲೆ ಇಲ್ಲ. ಎಕ್ಸ್‌ರೇ ನೋಡಿ ಟಿ.ಬಿ. ಅಂದುಕೊಳ್ಳುವ ಸಾಧ್ಯತೆ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ಒಳ್ಳೆಯದನ್ನೂ ಹೇಳಬೇಕು. ನವೆಂಬರ್‌ನಿಂದ ಮಾರ್ಚ್ ತನಕದ ಆ ಹವೆಗೆ ನಾನು ಮನಸೋತವಳು. ತಿಳಿ ಆಕಾಶ, ಹಿತವಾದ ಚಳಿ, ಗಿಡದ ತುಂಬ ಕಿತ್ತಳೆ. ಅಲ್ಲಿ ಕ್ರಿಯೋಸೋಟ್ ಎನ್ನುವ ಪೊದೆ ಇದೆ. ಮಳೆ ಹನಿ ಬಿದ್ದ ಕೂಡಲೇ ಅದು ಒಂದು ಪರಿಮಳ ಬಿಡುತ್ತದೆ. ನಮ್ಮ ಮೊದಲ ಮಳೆಯ ಮಣ್ಣಿನ ವಾಸನೆ ಬೇರೆ, ಅದು ಬೇರೆ. ಆದರೆ ಎರಡಕ್ಕೂ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳಬೇಕು ಅನಿಸುತ್ತದೆ.

ಕೆಲಸ ಎಲ್ಲಿ, ದಾರಿ ಎಷ್ಟು

ಚಿಪ್ ಕಂಪನಿ ಇಂಟೆಲ್ 1980ರಲ್ಲೇ ಚಾಂಡ್ಲರ್‌ಗೆ ಬಂತು. ಊರಿನ ದಕ್ಷಿಣಕ್ಕೆ ಒಕೊಟಿಯೊ ಎನ್ನುವ ಕಡೆ ಅದರ ದೊಡ್ಡ ಫ್ಯಾಬ್‌ಗಳು, ಅಂದರೆ ಚಿಪ್ ತಯಾರಿಸುವ ಕಾರ್ಖಾನೆಗಳು ಇವೆ. ಮೈಕ್ರೋಚಿಪ್ ಕಂಪನಿಯ ಮುಖ್ಯ ಕಚೇರಿ ಚಾಂಡ್ಲರ್‌ನಲ್ಲೇ. ಎನ್ಎಕ್ಸ್‌ಪಿ ಎನ್ನುವ ಇನ್ನೊಂದು ಚಿಪ್ ಕಂಪನಿ ಕೂಡ ಇದೆ. ಟಿಎಸ್ಎಂಸಿ 2020ರಲ್ಲಿ ಘೋಷಣೆ ಮಾಡಿತು, ಉತ್ತರ ಫೀನಿಕ್ಸ್‌ನ ಅದರ ಕಾರ್ಖಾನೆಯಲ್ಲಿ 2024ರ ಕೊನೆಗೆ ಚಿಪ್ ತಯಾರಿ ಶುರುವಾಯಿತು.

ಇವೆರಡು ಕಡೆಯ ನಡುವೆ 70 ಕಿ.ಮೀ. ಮೇಲೆ ದಾರಿ. ಹಾಸನದಲ್ಲಿ ಮನೆ ಮಾಡಿ ದಿನಾ ಚಿಕ್ಕಮಗಳೂರಿಗಿಂತ ಆಚೆ ಹೋಗಿ ಬಂದ ಹಾಗೆ. ಫ್ಯಾಬ್ ಕೆಲಸದಲ್ಲಿ 12 ಗಂಟೆಯ ಪಾಳಿ ಸಾಮಾನ್ಯ. ರಾತ್ರಿ ಪಾಳಿ ಮುಗಿಸಿ ಅಷ್ಟು ದೂರ ಕಾರು ಓಡಿಸಿಕೊಂಡು ಬರುವುದು ಕ್ಷೇಮ ಅಲ್ಲ. ಟಿಎಸ್ಎಂಸಿ ಕೆಲಸವಾದರೆ ಉತ್ತರ ಫೀನಿಕ್ಸ್ ಅಥವಾ ಅದರ ಪಕ್ಕದ ಪಿಯೋರಿಯಾ ಊರಿನ ಉತ್ತರ ಭಾಗ. ಇಂಟೆಲ್, ಮೈಕ್ರೋಚಿಪ್ ಆದರೆ ಚಾಂಡ್ಲರ್, ಗಿಲ್ಬರ್ಟ್. ಇದರಲ್ಲಿ ಎರಡನೇ ಯೋಚನೆ ಬೇಡ. ಬಕೈಯಿಂದ ಚಾಂಡ್ಲರ್‌ಗೆ ಸುಮಾರು 80 ಕಿ.ಮೀ. ಬಾಡಿಗೆಯಲ್ಲಿ ಉಳಿದದ್ದು ಪೆಟ್ರೋಲು, ಟೈರು, ನಿದ್ದೆಗೆ ಹೋಗುತ್ತದೆ. ಎರಡು ಮೂರು ಬೇಸಿಗೆಗೇ ಕಾರಿನ ಬ್ಯಾಟರಿ ಸಾಯುವ ಊರದು.

ದೂರದಷ್ಟೇ ಮುಖ್ಯವಾದದ್ದು ಇನ್ನೊಂದಿದೆ. ಎಚ್-1ಬಿ ಎನ್ನುವ ಕೆಲಸದ ವೀಸಾದಲ್ಲಿ ಇರುವವರಿಗೆ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನ ಸಮಯ. ಅಷ್ಟರಲ್ಲಿ ಬೇರೆ ಕೆಲಸ ಹುಡುಕಬೇಕು, ಇಲ್ಲ ದೇಶ ಬಿಡಬೇಕು, ಇಲ್ಲ ಬೇರೆ ವೀಸಾಗೆ ಅರ್ಜಿ ಹಾಕಬೇಕು. ಚಿಪ್ ಉದ್ಯೋಗದಲ್ಲಿ ಏರಿಳಿತ ಯಾವಾಗಲೂ ಇದ್ದದ್ದೇ. ನಮ್ಮ ಮನೆಯವರಿಗೂ ಒಮ್ಮೆ ಕೆಲಸ ಹೋಯಿತು. ಮಗ ಒಂದನೇ ಕ್ಲಾಸು. ಮೂವತ್ತೊಂಬತ್ತನೇ ದಿನ ಇನ್ನೊಂದು ಕಡೆ ಸಿಕ್ಕಿತು, ಅದೂ ಮನೆಯಿಂದ ಹದಿನೈದು ನಿಮಿಷದ ದಾರಿ. ಮನೆ ಬದಲಿಸಲಿಲ್ಲ, ಸ್ಕೂಲು ಬದಲಿಸಲಿಲ್ಲ. ಚಾಂಡ್ಲರ್‌ನಲ್ಲಿ ಬಾಡಿಗೆ ಜಾಸ್ತಿ ಕೊಟ್ಟದ್ದು ಅವತ್ತು ಸಾರ್ಥಕ ಅನಿಸಿತು. ಒಂದೇ ದೊಡ್ಡ ಕಾರ್ಖಾನೆಯ ಪಕ್ಕ ಮನೆ ಮಾಡುವುದಕ್ಕೂ ನಾಲ್ಕು ಕಂಪನಿಗಳ ನಡುವೆ ಮನೆ ಮಾಡುವುದಕ್ಕೂ ಇರುವ ವ್ಯತ್ಯಾಸ ಇದು. ಉತ್ತರ ಫೀನಿಕ್ಸ್‌ಗೆ ನಾನು ಅರ್ಧ ಅಂಕ ಕಡಿಮೆ ಕೊಡುವುದು ಈ ಕಾರಣಕ್ಕೇ. ಅಲ್ಲಿಯೂ ಬೇರೆ ಕಂಪನಿಗಳು ಬರುತ್ತಿವೆ, ಇನ್ನು ಹತ್ತು ವರ್ಷಕ್ಕೆ ನನ್ನ ಮಾತು ಹಳತಾಗಬಹುದು.

ಗಂಡನ ಜೊತೆ ಹೋಗುವ ಹೆಣ್ಣುಮಕ್ಕಳಿಗೆ ಒಂದು ಮಾತು. ಎಚ್-4 ವೀಸಾದಲ್ಲಿ ಹೋದ ಕೂಡಲೇ ಕೆಲಸ ಮಾಡಲು ಬಿಡುವುದಿಲ್ಲ. ಗಂಡನ ಗ್ರೀನ್ ಕಾರ್ಡ್ (ಅಲ್ಲೇ ಕಾಯಂ ಇರುವ ಅನುಮತಿ) ಅರ್ಜಿ ಒಂದು ಹಂತ ದಾಟಿದ ಮೇಲೆ, ಬೇರೆ ಅನುಮತಿ ಪಡೆದು ಮಾಡಬಹುದು. ನಾನು ಹಾಸನದಲ್ಲಿ ಲೆಕ್ಚರರ್ ಆಗಿದ್ದವಳು. ಅಲ್ಲಿ ನಾಲ್ಕು ವರ್ಷ ಮನೆಯಲ್ಲಿ ಕೂತೆ. ಬಸ್ಸು ಅಂತ ಹೇಳಿಕೊಳ್ಳುವ ಹಾಗಿಲ್ಲ. ಟೆಂಪಿ, ಮೆಸಾ ತನಕ ಬರುವ ರೈಲು ಚಾಂಡ್ಲರ್‌ಗೆ ಬರುವುದಿಲ್ಲ. ಜೂನ್ ಬಿಸಿಲಲ್ಲಿ ಅರ್ಧ ಕಿ.ಮೀ. ನಡೆಯಲು ಆಗುವುದಿಲ್ಲ. ಕಾರು ಓಡಿಸಲು ಬಾರದಿದ್ದರೆ ಮನೆಯೇ ಸೆರೆಮನೆ. ಇಲ್ಲಿಂದಲೇ ಕಲಿತು ಹೋಗಿ. ಮನೆ ಹಿಡಿಯುವಾಗ ಲೈಬ್ರರಿ, ಪಾರ್ಕು, ದಿನಸಿ ಅಂಗಡಿ ನಡೆದು ಹೋಗುವಷ್ಟು ಹತ್ತಿರ ಇದೆಯಾ ನೋಡಿ. ಚಾಂಡ್ಲರ್, ಗಿಲ್ಬರ್ಟ್ ಪೇಟೆಯ ಹತ್ತಿರ ಇಂಥ ಮನೆ ಸಿಗುತ್ತದೆ. ಅಂಚಿನ ಊರುಗಳಲ್ಲಿ ಕಷ್ಟ.

ಬಾಡಿಗೆಯೋ, ಸ್ವಂತವೋ

ಒಂದು ಪೂರ್ತಿ ಬೇಸಿಗೆ ಬಾಡಿಗೆಗೆ ಇದ್ದು ನೋಡದೆ ಮನೆ ಕೊಳ್ಳಬೇಡಿ. ಜನವರಿಯಲ್ಲಿ ನೋಡಿದ ಮನೆ ಸ್ವರ್ಗದ ಹಾಗಿರುತ್ತದೆ. ಅದೇ ಮನೆಯನ್ನು ಜುಲೈ ತಿಂಗಳ ಸಂಜೆ ಐದು ಗಂಟೆಗೆ ನೋಡಬೇಕು. ಬಡಾವಣೆಯ ಸಂಘಕ್ಕೆ ಪ್ರತಿ ತಿಂಗಳು ಕಟ್ಟುವ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಅವರ ನಿಯಮಗಳೂ ಬಿಗಿ. ಒಂದು ಮಳೆ ಬಂದು ಜಲ್ಲಿಯ ನಡುವೆ ಕಳೆ ಎದ್ದದ್ದಕ್ಕೆ ನಮಗೆ ನೋಟಿಸ್ ಬಂದಿತ್ತು. ವರ್ಷಕ್ಕೊಮ್ಮೆ ಹಸಿರು ಕಾಣುವ ಜಾಗದಲ್ಲಿ ಅದನ್ನು ಕೀಳಲು ಮನಸ್ಸೇ ಬರಲಿಲ್ಲ. ತೆರಿಗೆ ವಿಷಯದಲ್ಲಿ ಅನುಕೂಲ ಇದೆ. 2023ರಿಂದ ರಾಜ್ಯದ ಆದಾಯ ತೆರಿಗೆ ಎಲ್ಲರಿಗೂ ಶೇಕಡಾ 2.5 ಮಾತ್ರ. ಕೇಂದ್ರದ್ದು ಬೇರೆ.

ಹಾಗೇ ಚೇಳು. ಹೊಸದಾಗಿ ಮರಳುಗಾಡು ಅಗೆದು ಕಟ್ಟಿದ ಕಡೆ ಮನೆಯೊಳಗೂ ಬರುತ್ತವೆ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳುವ ಅಭ್ಯಾಸ ಮಕ್ಕಳಿಗೂ ಮಾಡಿಸಿ.

ಸ್ಕೂಲು, ಊಟ, ದೇವಸ್ಥಾನ

ಚಾಂಡ್ಲರ್, ಗಿಲ್ಬರ್ಟ್ ಎರಡರ ಸರ್ಕಾರಿ ಸ್ಕೂಲುಗಳೂ ಚೆನ್ನಾಗಿವೆ. ನಮ್ಮ ಮಗ ಓದಿದ್ದು ಅಲ್ಲೇ. ಜಾಗ ಖಾಲಿ ಇದ್ದರೆ ಪಕ್ಕದ ಊರಿನ ಸ್ಕೂಲಿಗೂ ಸೇರಿಸಬಹುದು. ಚಾಂಡ್ಲರ್‌ನಲ್ಲಿ ಜುಲೈ ಕೊನೆಯ ಹೊತ್ತಿಗೇ ಸ್ಕೂಲು ಶುರು, ಆ ಬಿಸಿಲಿಗೆ ಮಕ್ಕಳನ್ನು ತಯಾರು ಮಾಡಬೇಕು.

ರಾಗಿ ಹಿಟ್ಟು ಸಿಗುತ್ತದೆ. ಹಿದಕಿದ ಅವರೆಕಾಳು ಫ್ರಿಜ್‌ನಲ್ಲಿಟ್ಟ ಪ್ಯಾಕೆಟ್‌ನಲ್ಲಿ ಸಿಗುತ್ತದೆ, ಸೊಗಡು ಮಾತ್ರ ಇರುವುದಿಲ್ಲ. ನುಗ್ಗೆ ಗಿಡ ಆ ಬಿಸಿಲಲ್ಲಿ ನಮ್ಮೂರಿಗಿಂತ ಚೆನ್ನಾಗಿ ಏಳುತ್ತದೆ. ಸೊಪ್ಪು, ಮೂಲಂಗಿ ಬೆಳೆಯುವುದು ಅಕ್ಟೋಬರ್ ಮೇಲೆ. ಕಾಫಿಪುಡಿ ಇಲ್ಲಿಂದಲೇ ಒಯ್ಯಿರಿ. ಚಾಂಡ್ಲರ್‌ನ ದಕ್ಷಿಣಕ್ಕೆ ಮ್ಯಾರಿಕೋಪಾ ಊರಿನಲ್ಲಿ ಮಹಾ ಗಣಪತಿ ದೇವಸ್ಥಾನ ಇದೆ, ಕಾರಿನಲ್ಲಿ ಅರ್ಧ ಮುಕ್ಕಾಲು ಗಂಟೆ. ಬಕೈಯಿಂದ ಇವೆಲ್ಲಕ್ಕೂ ಒಂದು ದಿನ ಎತ್ತಿಡಬೇಕು.

ಯಾರಿಗೆ ಯಾವುದು

ಹಾಸನದಲ್ಲೇ ಇರುತ್ತೇನೆ ಅನ್ನುವವರನ್ನು ನಾನು ಹೊರಡಿಸಲು ಹೋಗುವುದಿಲ್ಲ. ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದರೆ, ಗ್ರೀನ್ ಕಾರ್ಡಿಗೆ ಭಾರತದವರು ಕಾಯುವ ವರ್ಷಗಳನ್ನು ಲೆಕ್ಕ ಹಾಕಿ ಆಮೇಲೆ ನಿರ್ಧಾರ ಮಾಡಿ. ಆದರೆ ಚಿಪ್ ಕೆಲಸವನ್ನೇ ಕಲಿಯಬೇಕು ಅನ್ನುವವರಿಗೆ ಆ ಮರಳುಗಾಡಿನಷ್ಟು ಒಳ್ಳೆಯ ಜಾಗ ಕಡಿಮೆ. ಹೋಗಿ, ಕಲಿಯಿರಿ.

ಮಕ್ಕಳಿಲ್ಲದ, ಟಿಎಸ್ಎಂಸಿಗೆ ಹೋಗುವ ಜೋಡಿಗೆ ಉತ್ತರ ಫೀನಿಕ್ಸ್ ಬಾಡಿಗೆ ಮನೆ. ಸಣ್ಣ ಮಕ್ಕಳಿದ್ದು, ಸ್ವಲ್ಪ ದೊಡ್ಡ ಅಂಗಳ ಬೇಕು, ಹತ್ತು ನಿಮಿಷ ಜಾಸ್ತಿ ಓಡಿಸುತ್ತೇನೆ ಅನ್ನುವವರಿಗೆ ಗಿಲ್ಬರ್ಟ್. ಮೊದಲ ಸಲ ದೇಶ ಬಿಟ್ಟು ಹೋಗುವ, ಒಬ್ಬರ ಸಂಬಳದಲ್ಲಿ ಇರುವ ಸಂಸಾರಕ್ಕೆ ಚಾಂಡ್ಲರ್‌ನ ಹಳೆಯ ಬಡಾವಣೆ. ಬಕೈ ಯಾರಿಗೆ ಸರಿ ಅಂದರೆ, ಅದೇ ಪಶ್ಚಿಮದ ಕಡೆ ಕೆಲಸ ಇರುವವರಿಗೆ. ಪಾಲೋ ವರ್ಡೆ ಅಣು ವಿದ್ಯುತ್ ಸ್ಥಾವರ ಅದರಾಚೆಗೇ ಇದೆ. ನಗರದ ಕೊಳಚೆ ನೀರನ್ನೇ ಶುದ್ಧ ಮಾಡಿ ಬಳಸಿ ಅದನ್ನು ತಂಪಾಗಿಡುತ್ತಾರೆ. ಅಂಥ ಕಡೆ ಕೆಲಸ ಮಾಡುವವರು ಬಕೈಯಲ್ಲಿ ಸುಖವಾಗಿರಬಹುದು. ಅವರೂ ಕೊಳ್ಳುವ ಮುಂಚೆ ಆ ಬಡಾವಣೆಯ 100 ವರ್ಷದ ನೀರಿನ ಪತ್ರ ಕೇಳಿ ನೋಡಬೇಕು.

ಅಳಿಯನಿಗೆ ಸಿಕ್ಕಿರುವ ಕೆಲಸ ಚಾಂಡ್ಲರ್‌ನಲ್ಲಿ. ಇಬ್ಬರೂ ಅಲ್ಲೇ ಕೂತು ಲೆಕ್ಕ ಹಾಕಿದರು. ಕೊನೆಗೆ ಎರಡು ಬೆಡ್‌ರೂಮಿನ ಬಾಡಿಗೆ ಮನೆ, ಕೆಳಗಿನ ಮಹಡಿ, ಉತ್ತರದ ಬಾಗಿಲು, ಪಕ್ಕದಲ್ಲಿ ಲೈಬ್ರರಿ ಅಂತ ತೀರ್ಮಾನವಾಯಿತು. ಕಂಪನಿಯವರು ಜೂನ್‌ನಲ್ಲಿ ಬನ್ನಿ ಅಂದಿದ್ದರು. ಆಗುವುದಾದರೆ ಅಕ್ಟೋಬರ್‌ಗೆ ಕೇಳು ಪುಟ್ಟಿ, ಬಿಸಿಲಿಗೆ ಮೈ ಒಗ್ಗಲು ಏಳು ತಿಂಗಳು ಸಿಗುತ್ತದೆ ಅಂದೆ. ಕೇಳಿದಳು, ಒಪ್ಪಿದರು.

ಅಕ್ಕ ಅಲ್ಲಿಯ ತನಕ ಸುಮ್ನೆ ಕೂತಿದ್ದಳು. ಆಮೇಲೆ ಕೇಳಿದಳು, "ಇವಳಿಗೆ ಫೋನ್ ಮಾಡಕ್ಕೆ ಯಾವ ಹೊತ್ತು ಸರಿ ಹೋಗುತ್ತೇ?"

ಇದೊಂದು ಅನುಕೂಲ ಅಲ್ಲಿನ ಬೇರೆ ಹೆಚ್ಚಿನ ಊರಿನವರಿಗಿಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುತ್ತಾರೆ. ಫೀನಿಕ್ಸ್ ಕಡೆ ತಿರುಗಿಸುವುದಿಲ್ಲ. ಹಾಸನಕ್ಕೂ ಅಲ್ಲಿಗೂ ವರ್ಷಪೂರ್ತಿ ಹನ್ನೆರಡೂವರೆ ಗಂಟೆ. ನಮ್ಮ ಗಡಿಯಾರದಲ್ಲಿ ಅರ್ಧ ಗಂಟೆ ಕಳೆದು, ಬೆಳಿಗ್ಗೆಯನ್ನು ರಾತ್ರಿ ಅಂದುಕೊಂಡರೆ ಆಯಿತು. ಅಕ್ಕ ಬೆಳಿಗ್ಗೆ ಎಂಟೂವರೆಗೆ ಎರಡನೇ ಕಾಫಿ ಕುಡಿಯುತ್ತಾಳೆ. ಮಗಳಿಗೆ ಆಗ ಹಿಂದಿನ ದಿನದ ರಾತ್ರಿ ಎಂಟು, ಊಟ ಮುಗಿಸಿ ಅಂಗಳದಲ್ಲಿ ಕೂರುವ ಹೊತ್ತು.